ಕೂತೇ ಪ್ರಮಾಣ ಮಾಡಿದ ಲಾಯರಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀರಿಳಿದ ಒಳಗಡಲಿನ ಕೆಸರಿನಲ್ಲಿ ಹೆಂಗಸರು ಬಗ್ಗಿ ಚಿಪ್ಪು ಹೆಕ್ಕುತ್ತಿದ್ದಾರೆ. ಅವರ ನಡುವೆ, ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಕಿನಾಯ್ ಕೂಡ ಇದ್ದಾರೆ. ಕಾನೂನು ಓದಿದ ಅವರಿಗೆ ಕಚೇರಿ ಇದೇ. ಶಾಂತಸಾಗರದ ದ್ವೀಪದೇಶ ಕಿರಿಬಾಟಿಯ ಪೂರ್ವದ ಅಂಚಿನ ಈ ದ್ವೀಪದಲ್ಲಿ ಮೇಜಿನೆದುರು ಕೂತು ಕಷ್ಟ ಹೇಳಿಕೊಳ್ಳುವವರಿಲ್ಲ. ಮುಖ ನೋಡದೆ, ಕೈಯನ್ನು ಕೆಸರಿನಲ್ಲಿಟ್ಟುಕೊಂಡರೆ ಗಂಡನ ಏಟೂ ಮೈದುನನ ಮೋಸವೂ ಸಲೀಸಾಗಿ ಹೊರಬರುತ್ತವೆ.

“ಇವತ್ತು ಬುಟ್ಟಿ ತುಂಬದಿದ್ರೂ ಪರವಾಗಿಲ್ಲ ಕಣಕ್ಕಾ. ಹೋಗಿ ಸ್ನಾನ ಮಾಡು,” ಎನ್ನುತ್ತಾಳೆ ಪಕ್ಕದಲ್ಲಿದ್ದ ತಂಗೌವಾ. “ಜಡ್ಜ್ ಮುಂದೆ ಕೆಸರು ನಾರ್ಕೊಂಡು ನಿಲ್ತೀಯಾ?”

“ನಾರಿದ್ರೆ ನಾರ್ಲಿ. ಬೇಗ ತೀರ್ಪು ಕೊಟ್ಟು ಓಡ್ತಾರೆ,” ಎಂದು ಕಿನಾಯ್ ನಗುತ್ತಾರೆ.

ತಂಗೌವಾ ವಿಧವೆ. ಗಂಡ ಕಡಲಲ್ಲಿ ಹೋದ ಮೇಲೆ ಅವನ ತಮ್ಮ ಮೋವಾತು, ತೆಂಗಿನ ತೋಟ ಬಿಟ್ಟು ಹೋಗು ಎಂದು ಕೂತಿದ್ದಾನೆ. ಆ ವಿಚಾರಣೆ ಇವತ್ತೇ. ನಿನ್ನೆ ಸಂಜೆ ಬಂದ ನ್ಯಾಯಾಧೀಶರ ದೋಣಿ ಮಧ್ಯಾಹ್ನದ ಭರತಕ್ಕೆ ಹೊರಡುತ್ತದೆ. ವಕೀಲರ ಪ್ರಮಾಣ ಮಾಡದೆ ಕಿನಾಯ್ ಅವಳ ಪರ ವಾದಿಸುವಂತಿಲ್ಲ. ರಾಜಧಾನಿಯ ಹಡಗಿಗೆ ಕಾದು, ಅಲ್ಲಿಗೆ ಹೋಗಿ ಪ್ರಮಾಣ ಮಾಡಿ ಬರುವಷ್ಟರಲ್ಲಿ ತೋಟ ಕೈಬಿಟ್ಟಿರುತ್ತಿತ್ತು. ಹಾಗಾಗಿ ಇಲ್ಲೇ ಪ್ರಮಾಣ ಮಾಡಿಸಿ ಎಂದು ಅವರು ನ್ಯಾಯಾಧೀಶರಿಗೆ ದುಂಬಾಲು ಬಿದ್ದು ಒಪ್ಪಿಸಿದ್ದಾರೆ. ಪ್ರಮಾಣವಾದರೆ ತಂಗೌವಾಳಿಗೊಂದು ಬಾಯಿ. ಇಲ್ಲದಿದ್ದರೆ ಇಡೀ ಮನೆತನದೆದುರು ಅವಳೊಬ್ಬಳೇ.

ಕಿನಾಯ್ ಮೊದಲು ರಾಜಧಾನಿಯ ಕೋರ್ಟಿನಲ್ಲಿ ಟೈಪಿಸ್ಟ್. “ಬೇರೆಯವರ ಮಾತೇ ಟೈಪ್ ಮಾಡಿ ಮಾಡಿ, ನಂಗೂ ಒಂದು ಬಾಯಿದೆ ಅನ್ನೋದೇ ಮರ್ತೋಗಿತ್ತು,” ಎನ್ನುತ್ತಾರೆ. ಅಂಚೆಯಲ್ಲಿ ಪಾಠ ತರಿಸಿಕೊಂಡು, ಮಕ್ಕಳು ಮಲಗಿದ ಮೇಲೆ ಓದಿ, ಎರಡು ಸಲ ಡುಮ್ಕಿ ಹೊಡೆದು, ಕೊನೆಗೂ ಕಾನೂನು ಮುಗಿಸಿದರು. ಗಂಡ ಕಬುರೆಗೆ ಇಲ್ಲಿನ ಶಾಲೆಗೆ ವರ್ಗವಾದಾಗ ಗಂಟುಮೂಟೆ ಕಟ್ಟಿಕೊಂಡು ಬಂದರು. ಈಗ ಒಂದು ವರ್ಷವಾಯಿತು.

“ಮನೇಲಿ ವಾದ ಮಾಡೋಕೆ ಇವಳಿಗೆ ಯಾವ ಪ್ರಮಾಣಾನೂ ಬೇಕಾಗಿರ್ಲಿಲ್ಲ,” ಎಂದು ಕಬುರೆ ತೆಂಗಿನ ಮರದ ಮೇಲಿಂದಲೇ ಕೂಗುತ್ತಾನೆ. ಹೆಂಡತಿಯ ದೊಡ್ಡ ದಿನ ಎಂದು ಇಲ್ಲಿನವರು ಕಳ್ಳಿಳಿಸುವಾಗ ಹಾಡುವ ಹಾಡನ್ನು ಇವತ್ತು ಇನ್ನಷ್ಟು ಎತ್ತರದ ದನಿಯಲ್ಲಿ ಹಾಡುತ್ತಿದ್ದಾನೆ.

ಬಿಸಿಲೇರುವ ಹೊತ್ತಿಗೆ ಊರ ಚಾವಡಿ ಕಿಕ್ಕಿರಿದಿದೆ. ಈ ಊರಿನವರೆಲ್ಲ ಒಂದು ತಲೆಮಾರಿನ ಹಿಂದೆ ಪಡುವಣದ ತಮ್ಮ ಹಳೆಯ ದ್ವೀಪಗಳಿಂದ ಬಂದವರು. ಬರುವಾಗ ಪಾತ್ರೆ, ಚಾಪೆಗಳ ಜೊತೆ ಚಾವಡಿಯಲ್ಲಿ ಕೂರುವ ಜಾಗವನ್ನೂ ಹೊತ್ತು ತಂದವರು. ಯಾವ ಮನೆತನಕ್ಕೆ ಯಾವ ಕಂಬ ಎಂಬುದು ಇಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಕಿನಾಯ್ ತಲೆಗೆ ಹೂವಿನ ಕಿರೀಟ, ಮೈಗೆ ಎರವಲು ತಂದ ಕರಿಯ ಗೌನು. ಗೌನು ಇನ್ನೊಬ್ಬರು ಹಿಡಿಸುವಷ್ಟು ದೊಗಲೆ.

ನ್ಯಾಯಾಧೀಶರು ಹೆಸರು ಕರೆದದ್ದೇ ತಡ, ಕಿನಾಯ್ ದಿಗ್ಗನೆ ಎದ್ದು ನಿಂತು ಬಲಗೈ ಎತ್ತುತ್ತಾರೆ. ಕೋರ್ಟಿನಲ್ಲಿ ಕಂಡು ಕಂಡು ಬಂದ ಅಭ್ಯಾಸ. ಚಾವಡಿಯ ತಲೆಗಳೆಲ್ಲ ಅವರತ್ತ ತಿರುಗುತ್ತವೆ. ಇಲ್ಲಿ ಹಿರಿಯರು ಕೂತಿರುವಾಗ ಯಾರೂ ತಲೆಯೆತ್ತಿ ನಿಲ್ಲುವುದಿಲ್ಲ. ದಾಟಿ ಹೋಗುವವರೂ ಬೆನ್ನು ಬಗ್ಗಿಸುತ್ತಾರೆ, ಮಾತೆಲ್ಲ ಕೂತೇ.

“ಏನವ್ವಾ, ಮಾಡಿನ ಗರಿ ಎಣಿಸ್ತಿದೀಯಾ? ಕೂತ್ಕೋ,” ಎನ್ನುತ್ತಾರೆ ಊರ ಹಿರಿಯ ಅರೋಬಾ ಅಜ್ಜ. ಚಾವಡಿ ಗೊಳ್ಳೆಂದು ನಗುತ್ತದೆ. ಕಿನಾಯ್ ಕೆಂಪಾಗಿ ಕುಸಿದು ಕೂರುತ್ತಾರೆ.

ನ್ಯಾಯಾಧೀಶರೂ ಕುರ್ಚಿ ಬಿಟ್ಟು ಚಾಪೆಗಿಳಿಯುತ್ತಾರೆ. “ಪ್ರಮಾಣ ಗಟ್ಟಿಯಾಗಿ ಹೇಳ್ಬೇಕು ಅಂತ ಕಾನೂನಲ್ಲಿದೆ. ನಿಂತೇ ಹೇಳ್ಬೇಕು ಅಂತ ಎಲ್ಲೂ ಇಲ್ಲ. ಶುರು ಮಾಡಮ್ಮ.”

“ತಡೀರಿ ಸ್ವಾಮಿ,” ಎನ್ನುತ್ತಾರೆ ಅಜ್ಜ. ಈಗ ಅವರ ದನಿಯಲ್ಲಿ ತಮಾಷೆಯಿಲ್ಲ. “ಅವಳು ಕೂತಿರೋದು ಅತಿಥಿಗಳ ಚಾಪೆ ಮೇಲೆ. ಅಲ್ಲಿ ಕೂತವರಿಗೆ ನಾವು ಉಣ್ಣಿಸ್ತೀವಿ, ಹಾಡು ಹೇಳಿಸ್ತೀವಿ. ಅವರು ನಮ್ಮ ಜಗಳದಲ್ಲಿ ಬಾಯಿ ಹಾಕೋ ಹಾಗಿಲ್ಲ. ಮಾತೇನಿದ್ರೂ ಕಂಬದ ಕೆಳಗೆ ಕೂತವರದ್ದು.”

ಎದುರಿನ ಕಂಬಕ್ಕೊರಗಿದ ಮೋವಾತುವಿನ ಮುಖ ಅರಳುತ್ತದೆ. ಕಿನಾಯ್ ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ. ತಂಗೌವಾ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದಾಳೆ.

“ಅಜ್ಜ, ನಂಗೆ ಜಾಗ ಇಲ್ಲ ಅಂದ್ರೆ ಹೊರಗೆ ಹೋಗಿ ಮರಳಲ್ಲಿ ಕೂತ್ಕೋತೀನಿ,” ಎನ್ನುತ್ತಾರೆ ಕಿನಾಯ್. “ಇವಳ ಪರವಾಗಿ ಮಾತಾಡೋರು ಯಾರು, ಅಷ್ಟು ಹೇಳಿ.”

ಅಜ್ಜ ನಿಧಾನವಾಗಿ ಮೋವಾತುವಿನ ಕಡೆ ತಿರುಗುತ್ತಾರೆ. “ಏನಪ್ಪಾ, ಬಾಯಿಲ್ಲದವಳನ್ನ ಸೋಲಿಸಿ ಮೀಸೆ ತಿರುವ್ತೀಯಾ?”

ಹೆಂಗಸರ ಸಾಲಿನಿಂದ ಕಿಸಕ್ಕೆಂದು ನಗು ಹೊರಡುತ್ತದೆ. ಮೋವಾತುವಿಗೆ ಮೈಯೆಲ್ಲ ಉರಿ. “ಹೆದ್ರೋಕೆ ನಾನೇನು ಏಡಿಯಾ? ಬಾರಮ್ಮ ಇಲ್ಲಿ! ನಮ್ಮ ಕಂಬದ ಕೆಳಗೇ ಕೂತ್ಕೋ. ಅದೇನು ಹೇಳ್ತೀಯೋ ಹೇಳು, ನೋಡೇ ಬಿಡ್ತೀನಿ!” ಎಂದು ಸರಿದು, ಪಕ್ಕದ ಚಾಪೆಯನ್ನು ಪಟಪಟ ತಟ್ಟುತ್ತಾನೆ.

ಕಿನಾಯ್ ಬೆನ್ನು ಬಗ್ಗಿಸಿ, ಗೌನು ಎಳೆದುಕೊಂಡು ಚಾವಡಿ ದಾಟುತ್ತಾರೆ. ಎದುರಾಳಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಪ್ರಮಾಣ ಹೇಳುತ್ತಾರೆ. ಕೊನೆಯ ಮಾತು ಮುಗಿಯುವ ಮೊದಲೇ ಚಪ್ಪಾಳೆ, ಕೇಕೆ. ಕಬುರೆಯ ಕೇಕೆ ಎಲ್ಲರಿಗಿಂತ ಜೋರು. ಗಲಾಟೆ ಇಳಿದ ಕೂಡಲೇ ಲಾಯರಮ್ಮ ಮೋವಾತುವಿನ ಕಡೆ ತಿರುಗಿ ಮೊದಲ ಪ್ರಶ್ನೆ ಎಸೆಯುತ್ತಾರೆ: “ಅಣ್ಣ ಬದುಕಿದ್ದಾಗ ಆ ತೋಟದ ಒಂದು ಕಾಯಾದ್ರೂ ನೀನು ಕೇಳಿದ್ಯಾ?”

“ಕೇಳಿಲ್ಲ,” ಎಂದು ಮೋವಾತು ಚಾಪೆ ನೋಡುತ್ತಾ ಒಪ್ಪಿಕೊಳ್ಳುತ್ತಾನೆ. ತನ್ನ ಕಂಬದ ಕೆಳಗೆ, ತನ್ನವರ ನಡುವೆ ಸುಳ್ಳು ಹೇಳುವುದು ಅವನಿಗೂ ಕಷ್ಟ. ಪೂರ್ತಿ ವಿಚಾರಣೆ ಮುಗಿಯುವ ತನಕ ತಂಗೌವಾ ಮತ್ತು ಮಕ್ಕಳನ್ನು ಯಾರೂ ತೋಟದಿಂದ ಎಬ್ಬಿಸುವಂತಿಲ್ಲ ಎಂದು ನ್ಯಾಯಾಧೀಶರು ಭರತಕ್ಕೆ ಮೊದಲೇ ಹೇಳಿ ಮುಗಿಸುತ್ತಾರೆ. ತಂಗೌವಾ ಗೋಳೋ ಎಂದು ಅಳುತ್ತಾಳೆ, ಖುಷಿಗೆ. “ಹಾಳಾದ್ದು, ಜಾಗ ನಾನೇ ಕೊಟ್ಟೆ,” ಎಂದು ಮೋವಾತು ಗೊಣಗುತ್ತಾನೆ.

ಊಟದ ಹೊತ್ತು. ಮೊದಲ ಎಲೆ ನ್ಯಾಯಾಧೀಶರಿಗೆ. ಒಂದು ವರ್ಷದಿಂದ ಊರ ಊಟದಲ್ಲಿ ಅತಿಥಿಗಳ ಎಲೆ ಕಿನಾಯ್ ಮುಂದೆ ಬರುತ್ತಿತ್ತು. ಇವತ್ತು ಎಲೆಯ ಬದಲು ಬೇಯಿಸಿದ ಗೆಡ್ಡೆಯ ಬೋಗುಣಿಯೇ ಬರುತ್ತದೆ. “ಕಂಬದ ಕೆಳಗೆ ಕೂತವರು ಬಡಿಸ್ಬೇಕು. ಏಳೇ, ಎಷ್ಟೊತ್ತು ಕೂತಿರ್ತೀಯಾ?” ಎಂದು ಮೋವಾತುವಿನ ಸೋದರತ್ತೆ ಗದರುತ್ತಾಳೆ.

ಕಿನಾಯ್ ಗೌನಿನ ತೋಳು ಮಡಿಚಿ ಬೋಗುಣಿ ಎತ್ತಿಕೊಳ್ಳುತ್ತಾರೆ. ಕಣ್ಣಂಚು ಒದ್ದೆ.

“ಒಂದು ವರ್ಷ ಎಲ್ರೂ ನನ್ನ ತುಂಬ ಚೆನ್ನಾಗಿ ನೋಡ್ಕೊಂಡ್ರು,” ಎನ್ನುತ್ತಾರೆ. “ಇನ್ನು ಆ ಕಾಟ ತಪ್ತು.”