ಹದ ಎಂದು ಬರೆಯುವವಳು

ನಮ್ಮೂರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತದೆ ಡಿಗ್ರಿ ಸಂಪಾದಿಸಿದವಳು ಅವಳೊಬ್ಬಳೇ. ಕೆರೆಯ ಈಜುಕಟ್ಟೆಯಲ್ಲಿ ಚೀಟಿ ಹರಿಯುವುದು, ಬಟ್ಟೆ ಬದಲಿಸುವ ಕೋಣೆಗಳನ್ನು ತೊಳೆಯುವುದು ಅವಳ ಕೆಲಸ. ಅದಕ್ಕೂ ಮೊದಲು, ಬೆಳಿಗ್ಗೆ ಎದ್ದ ಕೂಡಲೇ, ಹಗ್ಗಕ್ಕೆ ಕಟ್ಟಿದ ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟು, ಎಳೆದು ನೋಡಿ, ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಅಂದಿನ ಡಿಗ್ರಿ ಬರೆಯುತ್ತಾಳೆ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಡಿಗ್ರಿ ಅಕ್ಕ. ನನಗೆ ಮಾತ್ರ ಬರೀ ಡಿಗ್ರಿ, ಏಕೆಂದರೆ ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಪೆಟ್ಟು ತಿಂದವರು.

ಅಂಕಿಯ ಪಕ್ಕದಲ್ಲಿ ಅವಳು ಒಂದು ಪದವನ್ನೂ ಬರೆಯುತ್ತಾಳೆ. ‘ಕೊರೆತ’, ‘ತಂಪು’, ಇಲ್ಲವೇ ‘ಹದ’. ಜನ ನೋಡುವುದು ಆ ಪದವನ್ನೇ. ಇಪ್ಪತ್ತೊಂದು ಎಂದರೆ ಯಾರಿಗೇನು ತಿಳಿಯಿತು? ಹದ ಎಂದರೆ ಮಗುವನ್ನೂ ಇಳಿಸಬಹುದು. ಆದರೆ ಅಂಕಿ ಅವಳದು, ಪದ ನನ್ನದು. ನಾನು ದರ್ಜಿ, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗುವ ಬೆನ್ನಿಗೆ ಈಜೇ ಔಷಧಿ. ಅಂಗಡಿ ತೆರೆಯುವ ಮೊದಲು ಹೋಗಿ ಮುಳುಗಿ ಬರುತ್ತೇನೆ. ನಾನು ಮೇಲೆ ಬಂದ ಕೂಡಲೇ ಡಿಗ್ರಿ ಸೀಮೆಸುಣ್ಣ ಹಿಡಿದು ‘ಹೇಗಿದೆಯೇ?’ ಎನ್ನುತ್ತಾಳೆ, ನಾನು ಹೇಳಿದ್ದನ್ನು ಬರೆಯುತ್ತಾಳೆ. ಎರವಲು ಪದ. ಕೆರೆಯ ದಂಡೆಯಲ್ಲೇ ತಲೆ ಹಣ್ಣಾದರೂ ಅವಳು ನೀರಿಗೆ ಕಾಲಿಡುವುದಿಲ್ಲ.

ನಮ್ಮ ಕೆರೆಯ ಬೇಸಿಗೆಯ ಮೊದಲ ವಾರಗಳನ್ನು ನಂಬಬಾರದು. ನೆತ್ತಿ ಸುಡುವ ಬಿಸಿಲು, ಮೇಲಿನ ನೀರು ಬೆಚ್ಚಗೆ. ಸೊಂಟದಿಂದ ಕೆಳಗೆ ಮಾತ್ರ ಚಳಿಗಾಲ ಇನ್ನೂ ಮನೆ ಖಾಲಿ ಮಾಡಿರುವುದಿಲ್ಲ. ಬೇಸಿಗೆ ಮುಗಿಯುವಾಗ ಎಲ್ಲ ತಿರುವುಮುರುವು. ದಡದಲ್ಲಿ ಸ್ವೆಟರ್ ಬೇಕು, ನೀರು ಮಾತ್ರ ಮೇಲೆ ಕೆಳಗೆ ಒಂದೇ ಸಮ. ಡಿಗ್ರಿಯ ಅಣ್ಣ ನಂಬಿದ್ದು ಆ ಮೊದಲ ವಾರವನ್ನು. ಶಾಲೆಗೆ ರಜೆ ಸಿಕ್ಕ ಖುಷಿಯಲ್ಲಿ ಕಟ್ಟೆಯಿಂದ ಧುಮುಕಿದ. ಕೆಳಗಿನ ಚಳಿ ಅವನ ಉಸಿರು ಹಿಡಿಯಿತು, ಮತ್ತೆ ಏಳಲಿಲ್ಲ. ಅವರ ಅಪ್ಪನೇ ಆಗ ಈ ಕಟ್ಟೆಯ ಕಾವಲುಗಾರ.

ಅವತ್ತು ಸಂಜೆ ಅವರ ಅಮ್ಮ ಉಳಿದ ಮಗಳ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. “ನಾನಿರೋವರೆಗೂ ನೀರಿಗೆ ಇಳಿಯಲ್ಲ ಅಂತ ಆಣೆ ಮಾಡು.” ಅಣ್ಣನ ಜೊತೆ ಮೀನಿನ ಮರಿಯ ಹಾಗೆ ಈಜುತ್ತಿದ್ದ ಹುಡುಗಿ ಆಣೆ ಮಾಡಿದಳು. ಅಪ್ಪ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಅವಳಿಗೆ ಸಿಕ್ಕಿದ್ದೂ ಈ ಕಟ್ಟೆಯ ಕೆಲಸವೇ, ಬಟ್ಟೆ ಬದಲಿಸುವ ಕೋಣೆಗಳ ಮೇಲಿನ ಮಹಡಿಯ ಎರಡು ಕೋಣೆಯ ಮನೆಯೂ ಅದರ ಜೊತೆಗೇ.

ನಾನಿರೋವರೆಗೂ! ಎಂಥ ಬೋನು ನೋಡಿ ಈ ಮಾತು. ಈಜಬೇಕು ಎಂದುಕೊಂಡರೆ ಅಮ್ಮ ಸಾಯಲಿ ಎಂದುಕೊಂಡ ಹಾಗೆ. ಪ್ರತಿ ಬೇಸಿಗೆಯಲ್ಲೂ ಅವಳಿಗೆ ಆಸೆಯಾಗುತ್ತಿತ್ತು, ಆಸೆಯಾದ ದಿನವೆಲ್ಲ ಅಮ್ಮನಿಗೆ ಎರಡು ಪಟ್ಟು ಸೇವೆ ಮಾಡುತ್ತಿದ್ದಳು. ಇದೆಲ್ಲ ನೋಡಿ ನನಗೆ ಮೈ ಉರಿಯುತ್ತಿತ್ತು. ಒಮ್ಮೆ ರೋಸಿಹೋಗಿ ಅವಳಿಗೊಂದು ಈಜುಡುಗೆ ಹೊಲಿದುಕೊಟ್ಟೆ, ಕಡುನೀಲಿ ಬಣ್ಣದ್ದು, ಅದೇ ಬಟ್ಟೆಯ ಟೋಪಿಯೂ ಇತ್ತು. ಬೀರುವಿನಲ್ಲಿಟ್ಟಳು. ಅವಳು ದಪ್ಪಗಾದಂತೆಲ್ಲ ಅದನ್ನು ಬಿಚ್ಚಿ ಅಗಲ ಮಾಡಿಕೊಟ್ಟೆ. ನೀರನ್ನೇ ಕಾಣದ ಈಜುಡುಗೆಗೆ ಮತ್ತೆ ಮತ್ತೆ ಹೊಲಿಗೆ ಬಿಚ್ಚಿದ ದರ್ಜಿ ನಾನೊಬ್ಬಳೇ ಇರಬೇಕು.

ಈಗ ಅಮ್ಮನಿಗೆ ಮರೆವು. ಮಹಡಿಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೆರೆ ನೋಡುತ್ತಾಳೆ. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಊಟ ಕೇಳುತ್ತಾಳೆ. ನನ್ನನ್ನು ಒಮ್ಮೊಮ್ಮೆ ನರ್ಸ್ ಎನ್ನುತ್ತಾಳೆ, ಒಮ್ಮೊಮ್ಮೆ ಕಳ್ಳಿ ಎನ್ನುತ್ತಾಳೆ.

ಈ ಸಲ ಬೇಸಿಗೆ ಮುಗಿದು ಕಟ್ಟೆಯ ಗೇಟು ಮುಚ್ಚುವ ಹಿಂದಿನ ದಿನ, ಈಜು ಮುಗಿಸಿ ನಾನು ಮೇಲೆ ಅವರ ಮನೆಗೆ ಹೋದೆ. ಡಿಗ್ರಿ ಅಮ್ಮನಿಗೆ ತಲೆ ಬಾಚುತ್ತಿದ್ದಳು. ಅಮ್ಮ ಕಿಟಕಿಯಿಂದ ಕಣ್ಣು ತೆಗೆಯದೆ ಕೇಳಿದಳು.

“ನೀರು ಹೇಗಿದೆಯೇ?”

“ಇಪ್ಪತ್ತೊಂದಮ್ಮ.”

“ಅದಲ್ಲ ಕೇಳಿದ್ದು. ಹದವಾಗಿದೆಯಾ?”

“ಇವಳು ಹಾಗೇ ಅಂತಾಳೆ.”

“ಅವಳನ್ನ ಯಾಕೆ ಕೇಳ್ತೀಯ? ನಿಂಗೇನು ಕೈಕಾಲಿಲ್ವಾ? ಹೋಗು, ಇಳಿದು ನೋಡ್ಕೊಂಡು ಬಾ.”

ಬಾಚಣಿಗೆ ನಿಂತಿತು. ಡಿಗ್ರಿ ನನ್ನನ್ನು ಮೆಟ್ಟಿಲಿಗೆ ಎಳೆದು ತಂದಳು.

“ಅಮ್ಮ ಹೋಗು ಅಂದಳಲ್ಲ?”

“ಅಂದಳು. ಕಿವಿಯಾರೆ ಕೇಳಿದೆ.”

“ನೆನಪಿಟ್ಟುಕೊಂಡು ಹೇಳಿದ್ದಲ್ಲ ಕಣೇ. ಆಣೆ ಮರೆತುಹೋಗಿದೆ ಅಷ್ಟೆ. ಈಗ ಇಳಿದರೆ ಕದ್ದ ಹಾಗಾಗುತ್ತೆ.”

ನನ್ನ ಪಿತ್ತ ನೆತ್ತಿಗೇರಿತು. “ಆಣೆ ಹಾಕಿಸಿಕೊಂಡವಳಿಗೇ ನೆನಪಿಲ್ಲ, ನೀನೊಬ್ಬಳು ಅದನ್ನ ಹೊತ್ಕೊಂಡು ತಿರುಗು! ನಾಳೆ ಗೇಟಿಗೆ ಬೀಗ. ಇನ್ನೊಂದು ವರ್ಷ ಅಂದರೆ ಆ ಉಡುಗೆ ಬಿಚ್ಚೋಕೆ ಬಟ್ಟೆ ಉಳಿದಿಲ್ಲ, ನೋಡ್ಕೋ.”

ಅವಳಿಗೆ ನಗು ಬಂತು. ನಗು ನಿಲ್ಲುವ ಮೊದಲೇ ಬೀರುವಿನ ಬಾಗಿಲು ತೆಗೆದಿದ್ದಳು.

ನನ್ನ ಜೊತೆ ಕಟ್ಟೆಯ ಮೆಟ್ಟಿಲನ್ನು ಒಂದೊಂದಾಗಿ ಇಳಿದಳು. ಮೊಳಕಾಲಿಗೆ ನೀರು ಬಂದಾಗ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದಳು. ಎದೆಯವರೆಗೆ ಬಂದಾಗ, “ಎಲ್ಲಾ ಕಡೆ ಒಂದೇ ಥರ ಇದೆಯಲ್ಲೇ!” ಎಂದು ಕೂಗಿ ಕೈ ಬಿಟ್ಟಳು. ಅವಳ ತೋಳುಗಳಿಗೆ ಎಲ್ಲ ನೆನಪಿತ್ತು. ಸ್ವಲ್ಪ ದೂರ ಹೋಗಿ, ತಿರುಗಿ, ಅಂಗಾತ ಮಲಗಿ, ಬಾಯಿಂದ ನೀರು ಚಿಮ್ಮಿಸಿದಳು, ಥೇಟ್ ಚಿಕ್ಕಂದಿನ ಹಾಗೆ. ನನಗೆ ಆದ ಸಂತೋಷವನ್ನು ಹೇಳಲಾರೆ. ಗೆದ್ದೆ ಎಂದುಕೊಂಡೆ.

ಆಗ ಕಿಟಕಿಯಿಂದ ಕೂಗು ಕೇಳಿತು. “ಮಗಾ!”

ಇಬ್ಬರೂ ನೀರು ಸುರಿಸುತ್ತಲೇ ಮೆಟ್ಟಿಲು ಹತ್ತಿ ಓಡಿದೆವು. ಅಮ್ಮ ಗೋಡೆ ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ಬೈಯುತ್ತಾಳೆ, ಆಣೆ ನೆನಪಾಯಿತು ಎಂದು ನಾನು ಹೆದರಿದೆ. ಅವಳು ಬೈಯಲಿಲ್ಲ. ಮಗಳ ಕೂದಲೆಲ್ಲ ಟೋಪಿಯೊಳಗಿತ್ತು. ಆ ಒದ್ದೆ ಮುಖವನ್ನು ಅಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬಂದೆಯೇನೋ? ಎಷ್ಟು ಹೊತ್ತು ಮಾಡಿದೆಯೋ...”

ನಾನು ಬಾಯಿ ತೆರೆದೆ. ಡಿಗ್ರಿ ನನ್ನ ಕೈ ಅದುಮಿದಳು.

“ಬಂದೆ ಅಮ್ಮ.”

“ನೀರು ಹೇಗಿತ್ತೋ?”

“ಹದವಾಗಿತ್ತಮ್ಮ,” ಎಂದಳು ಡಿಗ್ರಿ. ಆ ಪದವನ್ನು ನನ್ನಿಂದ ಕೇಳದೆ ಅವಳು ಹೇಳಿದ್ದು ಅದೇ ಮೊದಲು.

ಅಮ್ಮ ನಕ್ಕಳು. ಎಷ್ಟೋ ವರ್ಷದಿಂದ ಆ ಮುಖದಲ್ಲಿ ನಾನು ಅಂಥ ನಗು ನೋಡಿರಲಿಲ್ಲ. ಆಮೇಲೆ ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿದಳು.

“ನಿನ್ನ ತಂಗಿಯನ್ನ ಮಾತ್ರ ನೀರಿಗೆ ಬಿಡಬೇಡ ಕಣೋ. ಅವಳೊಬ್ಬಳೇ ನಂಗೆ ಉಳಿದಿರೋದು. ನಾನಿರೋವರೆಗೂ ಬಿಡಲ್ಲ ಅಂತ ಆಣೆ ಮಾಡು.”

ಮಗಳ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. ಬೇಡ ಕಣೇ ಎಂದು ಕಿರುಚಬೇಕು ಅನ್ನಿಸಿತು. ಡಿಗ್ರಿಯ ಮೊಳಕೈಯಿಂದ ಕೆರೆಯ ನೀರು ಅಮ್ಮನ ಬಿಳಿ ಕೂದಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ಆಣೆ ಅಮ್ಮ,” ಎಂದಳು. “ಅವಳನ್ನ ಬಿಡಲ್ಲ.”