ಅತ್ತೆಯ ಲ್ಯಾಮಿನೇಟೆಡ್ ಕೋರ್ಟ್ ಆರ್ಡರ್

ಮಂಗಳವಾರ ಬೆಳಿಗ್ಗೆ ಲಂಡನ್ನಿನ ಹೇಸ್‌ನ ಡೇ ಸೆಂಟರಿನ ಮ್ಯಾನೇಜರ್ ನಮ್ಮ ಅತ್ತೆಯ ಕೋರ್ಟ್ ಆರ್ಡರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅದು ಫಳಫಳ ಹೊಳೆಯಿತು.

ಹೊಳೆಯದೆ ಇರುತ್ತದೆಯೇ? ಅತ್ತೆ ಅದನ್ನು ಲ್ಯಾಮಿನೇಟ್ ಮಾಡಿದ್ದರು... ಒರಿಜಿನಲ್ ಪ್ರತಿಯನ್ನೇ!

ನನಗೆ ಮದುವೆಯಾಗಿ ನಾಲ್ಕು ತಿಂಗಳು, ಹನ್ನೊಂದು ದಿನ. ಹೌದು, ಇನ್ನೂ ಎಣಿಸುತ್ತಿದ್ದೇನೆ, ನಗಬೇಡಿ. ನಾನು, ನನ್ನ ಗಂಡ ಪ್ರಶಾಂತ್ ವೆಂಬ್ಲಿಯಲ್ಲಿದ್ದೇವೆ. ಇಷ್ಟು ವರ್ಷ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿದ್ದ ಧಾರವಾಡದ ಅತ್ತೆ ಮತ್ತು ಮೈದುನ ವಿನಯ್, ನಮಗೆ ಹತ್ತಿರವಿರಲೆಂದು ಕಳೆದ ತಿಂಗಳು ಹೇಸ್‌ಗೆ ಬಂದರು.

ವಿನಯ್‌ಗೆ ಇಪ್ಪತ್ತೇಳು ವರ್ಷ, ಡೌನ್ ಸಿಂಡ್ರೋಮ್ ಇದೆ. ಅವನ ಪರವಾಗಿ ನಿರ್ಧಾರ ತೆಗೆದುಕೊಳ್ಳುವ ಗಾರ್ಡಿಯನ್ ಅತ್ತೆಯೇ ಎಂದು ಸ್ಕಾಟ್‌ಲೆಂಡಿನ ಕೋರ್ಟ್ ಕೊಟ್ಟ ಕಾಗದ ಅದು. ಅತ್ತೆಯ ಕೈಚೀಲದಲ್ಲಿ ಕುಂಕುಮದ ಡಬ್ಬಿಯ ಪಕ್ಕದಲ್ಲೇ ಅದರ ಜಾಗ.

ಆ ಸೆಂಟರಿನ ಅಡುಗೆ ಕ್ಲಾಸಿನಲ್ಲಿ ಒಂದೇ ಸೀಟು ಉಳಿದಿತ್ತು. ಗೆಳೆಯರನ್ನೆಲ್ಲ ಗ್ಲಾಸ್ಗೋದಲ್ಲಿ ಬಿಟ್ಟು ಬಂದ ವಿನಯ್, ಇಲ್ಲಿ ಆಸೆಪಟ್ಟು ಕೇಳಿದ ಮೊದಲ ವಿಷಯ ಅದೇ. ಶುಕ್ರವಾರದೊಳಗೆ ಸಹಿ ಮಾಡಿದ ಫಾರ್ಮ್ ಕೊಡದಿದ್ದರೆ ಸೀಟು ಬೇರೆಯವರಿಗೆ.

ಯುಕೆ ಎಂದರೆ ಒಂದೇ ದೇಶ, ಈ ಪೇಪರ್ ಎಲ್ಲಾ ಕಡೆ ನಡೆಯುತ್ತದೆ ಎಂದು ಬಸ್ಸಿನಲ್ಲಿ ಅತ್ತೆಗೆ ಧೈರ್ಯ ಹೇಳಿದವಳು ನಾನೇ. ಕಾನ್ವೆಂಟ್ ಸೊಸೆ, ಎಲ್ಲಾ ಗೊತ್ತು!

ಮ್ಯಾನೇಜರ್ ಮೆಲ್ಲಗೆ ವಿವರಿಸಿದರು. ಸ್ಕಾಟ್‌ಲೆಂಡಿನ ಕಾನೂನು ಬೇರೆ, ಇಂಗ್ಲೆಂಡಿನದು ಬೇರೆ. ಆ ಆರ್ಡರ್ ಇಲ್ಲಿ ನಡೆಯಬೇಕಾದರೆ ಇಲ್ಲಿನ ಕೋರ್ಟ್ ಅದಕ್ಕೆ ಮಾನ್ಯತೆ ಕೊಡಬೇಕು. ಅದಕ್ಕೂ ಪ್ಲಾಸ್ಟಿಕ್ ಹೊದಿಕೆ ಇಲ್ಲದ ಹೊಸ ಪ್ರತಿ ತರಿಸಬೇಕಾಗಬಹುದು.

ಅತ್ತೆ ನನ್ನ ಕಡೆ ತಿರುಗಿದರು. "ಅಲ್ಲವಾ ಸ್ನೇಹಾ, ಗ್ಲಾಸ್ಗೋದಾಗ ನಾ ಇವಗ ಗಾರ್ಡಿಯನ್. ಟ್ರೇನ್ ಹತ್ತಿ ಇಳಿಯೂದ್ರಾಗ ಯಾರೂ ಅಲ್ಲದಾಕಿ ಆದ್ನೇನು?"

ನಾನು ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡಿದೆ.

ಅಷ್ಟರಲ್ಲಿ ಮ್ಯಾನೇಜರ್ ತಮ್ಮ ಕುರ್ಚಿಯನ್ನು ವಿನಯ್ ಕಡೆ ತಿರುಗಿಸಿಕೊಂಡರು. ಸ್ವಂತವಾಗಿ ನಿರ್ಧರಿಸಲು ಆಗುವುದಿಲ್ಲ ಎಂದು ಗೊತ್ತಾಗುವವರೆಗೆ, ವಯಸ್ಕರೊಬ್ಬರ ನಿರ್ಧಾರ ಆ ವಯಸ್ಕರದೇ ಎಂದು ನಂಬಿ ಶುರುಮಾಡುವುದು ಇಲ್ಲಿನ ಕ್ರಮವಂತೆ. ಕ್ಲಾಸಿನಲ್ಲಿ ಏನು ಮಾಡುತ್ತಾರೆ, ಯಾವ ದಿನ, ಇಷ್ಟವಾಗದಿದ್ದರೆ ಏನು ಮಾಡುತ್ತೀಯ... ಒಂದೊಂದಾಗಿ ಕೇಳಿದರು.

ಪ್ರತಿ ಪ್ರಶ್ನೆಗೂ ಅತ್ತೆಯ ಉತ್ತರ ರೆಡಿ. ಮೂರನೆಯದಕ್ಕೆ ವಿನಯ್ ಕೈ ಎತ್ತಿದ. ಸದಾ ಇಂಗ್ಲಿಷ್‌ನಲ್ಲೇ ಮಾತಾಡುವವನು, ಅಂದು ಕನ್ನಡದಲ್ಲಿ ಹೇಳಿದ.

"ಅಮ್ಮಾ, ಅವರು ನನ್ನ ಕೇಳ್ಲಿಕ್ಕತ್ತಾರ."

ಅತ್ತೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಉತ್ತರವನ್ನು ಅವನಿಗೇ ಬಿಟ್ಟರು. ಆಮೇಲೆ ಫೋನಿನಲ್ಲಿ ಕೇಳಿದ ಪ್ರಶಾಂತ್ ತನ್ನ ಮೂವತ್ತು ವರ್ಷದಲ್ಲಿ ಇಂಥದ್ದನ್ನು ನೋಡಿಲ್ಲವಂತೆ!

ಮಂಗಳವಾರ ಮತ್ತು ಗುರುವಾರ ಬರುತ್ತೇನೆ, ಚಾಕು ಹಿಡಿಯುವಾಗ ಸಹಾಯ ಬೇಕು, ಬೇಜಾರಾದರೆ ವೈನಿಗೆ ಫೋನ್ ಮಾಡುತ್ತೇನೆ ಎಂದ ವಿನಯ್. ಅವನ ವೈನಿ, ಅಂದರೆ ಅತ್ತಿಗೆ, ನಾನೇ. ನನ್ನ ಕಣ್ಣಲ್ಲಿ ಆಗಲೇ ನೀರು.

ಆಮೇಲೆ ಅವನೇ ಸಹಿ ಮಾಡಿದ. ಗೆರೆಯ ಮೇಲೆ ಶುರುವಾದ ಸಹಿ ಫಾರ್ಮಿನ ಅಂಚಿನವರೆಗೂ ಹೋಯಿತು.

ವಾಪಸ್ ಬರುವಾಗ, ದೊಡ್ಡ ವಿಷಯಗಳಿಗೆ ಇಲ್ಲಿನ ಕೋರ್ಟಿಗೆ ಅರ್ಜಿ ಹಾಕೋಣ ಎಂದು ನಾನು ಹೇಳಿದ್ದಕ್ಕೆ ಅತ್ತೆ ಆಗಲಿ ಎಂದು ತಲೆ ಆಡಿಸಿದರು.

ಅತ್ತೆಯ ಮನೆಗೆ ಬಂದ ಕೂಡಲೇ ವಿನಯ್ ಸಹಿ ಮಾಡಿದ ಫಾರ್ಮಿನ ಪ್ರತಿಯನ್ನು ಅಮ್ಮನ ಮುಂದೆ ಚಾಚಿದ. ಇದಕ್ಕೂ ಪ್ಲಾಸ್ಟಿಕ್ ಹಾಕು ಎಂದ.

ಅತ್ತೆ ಅಂಚಿನವರೆಗೂ ಹೋದ ಆ ಸಹಿಯ ಮೇಲೆ ಬೆರಳಾಡಿಸಿದರು. ಆಮೇಲೆ ಇನ್ನೂ ಬಿಚ್ಚದ ಪೆಟ್ಟಿಗೆಯಿಂದ ಲ್ಯಾಮಿನೇಟಿಂಗ್ ಮೆಷಿನ್ ತೆಗೆದರು. ಅದರ ಕೆಲಸ ಮುಗಿಸಿ, ಹೇಗೂ ಮೆಷಿನ್ ಬಿಸಿಯಾಗಿದೆ, ನಿಮ್ಮ ಮ್ಯಾರೇಜ್ ಸರ್ಟಿಫಿಕೇಟ್ ಕೊಡು ಎಂದು ನನ್ನನ್ನೂ ಕೇಳಿದರು. ಸದ್ಯ, ಅದು ವೆಂಬ್ಲಿಯಲ್ಲಿತ್ತು!

ಈಗ ಅತ್ತೆಯ ಕೈಚೀಲದಲ್ಲಿ ಫಳಫಳ ಹೊಳೆಯುವ ಎರಡು ಕಾಗದಗಳಿವೆ... ಸದ್ಯಕ್ಕೆ ಲಂಡನ್ನಿನಲ್ಲಿ ನಡೆಯುವುದು ಯಾವುದು, ಹೇಳಿ ನೋಡೋಣ?