ಕೀಮ್ಯಾನ್ ಶೌಕತ್ ಅಲಿಯ ಪತ್ತೇದಾರಿ ಕಾದಂಬರಿ

ಚನ್ನಗಿರಿಗೆ ರೈಲಿಲ್ಲ. ಹೊನ್ನಾಳಿಗಿಲ್ಲ, ನ್ಯಾಮತಿಗಿಲ್ಲ, ಜಗಳೂರಿಗೂ ಇಲ್ಲ. ಇಂಥ ನಾಲ್ಕು ಊರುಗಳನ್ನೇ ಹುಡುಕಿ ರೈಲು ಬೀಳಿಸುವ ಪತ್ತೇದಾರಿ ಕಾದಂಬರಿಯೊಂದನ್ನು ಹಂಚಿದ ಪುಣ್ಯಾತ್ಮರು ಶೌಕತ್ ಅಲಿ ಸಾಹೇಬರು. ಚನ್ನಗಿರಿಯ ಕೋಟೆ ಕೆಳಗಿನ ಓಣಿಯಲ್ಲಿ ಅವರ ಮನೆ. ಮೂವತ್ತಾರು ವರ್ಷ ದೂರದ ಘಟ್ಟದ ಸೀಮೆಯಲ್ಲಿ ರೈಲ್ವೆ ಕೀಮ್ಯಾನ್ ಆಗಿ ದುಡಿದು, ನಿವೃತ್ತರಾಗಿ ಊರಿಗೆ ಬಂದು ಕೂತವರು.

ಕೀಮ್ಯಾನ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಹಳಿಯನ್ನು ಅಡ್ಡ ದಿಮ್ಮಿಗಳ ಮೇಲೆ ಕದಲದಂತೆ ಹಿಡಿದಿಡುವ ಕಬ್ಬಿಣದ ಬೆಣೆಗಳಿರುತ್ತವಲ್ಲ, ಅವೇ ಕೀ. ಹೆಗಲ ಮೇಲೆ ಸುತ್ತಿಗೆ ಹೊತ್ತು ದಿನವೂ ನಾಲ್ಕು ಮೈಲಿ ಹೋಗಿ ನಾಲ್ಕು ಮೈಲಿ ಬರಬೇಕು. ಹೋಗುತ್ತಾ ಒಂದು ಹಳಿಯ ಕೀಗಳನ್ನು ಬಡಿಯಬೇಕು, ಬರುತ್ತಾ ಇನ್ನೊಂದು ಹಳಿಯವನ್ನು. ಬಡಿದಾಗ ಬರುವ ಸದ್ದಿನಲ್ಲೇ ಬಿಗಿಯೋ ಸಡಿಲವೋ ತಿಳಿಯುತ್ತದೆ. ಶೌಕತ್ ಅಲಿಯವರ ಕೈಗೆ ಇವತ್ತಿಗೂ ಆ ಚಾಳಿ ಹೋಗಿಲ್ಲ. ಯಾರ ಮನೆಗೆ ಹೋದರೂ ಬಾಗಿಲ ಚೌಕಟ್ಟನ್ನು ಬೆರಳಿನಿಂದ ತಟ್ಟಿ ನೋಡಿಯೇ ಒಳಗೆ ಕಾಲಿಡುತ್ತಾರೆ.

ಇನ್ನೊಂದು ಚಾಳಿ ಓದುವುದು. ಅದೂ ಪತ್ತೇದಾರಿ ಕಾದಂಬರಿ ಮಾತ್ರ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ಟೇಷನ್ನಿನ ಎದುರಿಗೊಂದು ಬಾಡಿಗೆ ಪುಸ್ತಕದ ಅಂಗಡಿಯಿತ್ತು. ಅಲ್ಲಿನ ಪುಸ್ತಕಗಳ ಕೊನೆಯ ಹಾಳೆಯ ತುಂಬ ಓದಿದವರ ಅಭಿಪ್ರಾಯ. 'ಪರವಾಗಿಲ್ಲ', 'ತಲೆನೋವು', 'ಡಾಕ್ಟರ್ ಮೇಲೆ ಮೊದಲೇ ಡೌಟು ಬಂತು' ಎಂದೆಲ್ಲ ಗೀಚಿರುತ್ತಿದ್ದರು. ಅದಕ್ಕೇ ಅರವತ್ತೈದು ದಾಟಿದ ಮೇಲೆ ತಾವೇ ಒಂದು ಕಾದಂಬರಿ ಬರೆದು ಅಚ್ಚು ಹಾಕಿಸಿದಾಗ, ಪ್ರತಿ ಪುಸ್ತಕದ ಹಿಂದೆ ಎರಡು ಖಾಲಿ ಹಾಳೆ ಸೇರಿಸಿ ಹೊಲಿಸಿದರು. ಮೇಲೆ 'ಓದಿದವರು ಮುಲಾಜಿಲ್ಲದೆ ಬರೆಯಿರಿ, ಬರೆದು ವಾಪಸು ಕಳಿಸಿರಿ' ಎಂದು ಅಚ್ಚಾಗಿತ್ತು. ಕಾದಂಬರಿಯ ಹೆಸರು 'ಹಳಿ ಕಿತ್ತವನು ಯಾರು?'

ಕಥೆ ಇಷ್ಟು. ಪ್ರಾಮಾಣಿಕನಾದ ಕೀಮ್ಯಾನ್ ಒಬ್ಬ ತನ್ನ ಪಾಲಿನ ಹಳಿಯನ್ನೆಲ್ಲ ಬಡಿದು ನೋಡಿ ಹೋಗಿರುತ್ತಾನೆ. ಅವನು ಆ ಕಡೆ ಹೋದ ಮೇಲೆ ಕಪ್ಪು ಕೋಟಿನವನೊಬ್ಬ ಬಂದು ಒಂದು ತಿರುವಿನಲ್ಲಿ ಕೀಗಳನ್ನು ಕಿತ್ತೆಸೆಯುತ್ತಾನೆ. ಗೂಡ್ಸ್ ಗಾಡಿ ಬೀಳುತ್ತದೆ. ಅಪವಾದ ಕೀಮ್ಯಾನ್ ಮೇಲೆ. ಕೊನೆಗೆ ಪತ್ತೇದಾರ ಕಪ್ಪು ಕೋಟನ್ನು ಹಿಡಿದು ಹಾಕುತ್ತಾನೆ, ಕೀಮ್ಯಾನ್‌ಗೆ ಹಾರ ಬೀಳುತ್ತದೆ.

ಊರಿಗೊಂದು ಪುಸ್ತಕ ಕೊಟ್ಟಿದ್ದರು. ಚನ್ನಗಿರಿಯದು ಒಂದು ಕಟಿಂಗ್ ಶಾಪಿನಲ್ಲಿತ್ತು. ಅದು ಮೊದಲು ವಾಪಸು ಬಂತು. 'ಸಸ್ಪೆನ್ಸ್ ಸೂಪರ್, ಆದರೆ ಅರವತ್ತು ಪುಟ ಬರೀ ನಡೆಯೋದೇ ಆಯ್ತು' ಎಂದು ಮೊಬೈಲ್ ಅಂಗಡಿಯ ಪ್ರವೀಣ್ ಕುಮಾರ್ ಬರೆದಿದ್ದ. ಅದರ ಕೆಳಗೆ ಹೆಸರು ಹಾಕದ ಯಾರೋ, 'ಕ್ಷೌರಕ್ಕೆ ಕಾಯುವಾಗ ಓದಲು ಅಡ್ಡಿಯಿಲ್ಲ' ಎಂದಿದ್ದರು. ನ್ಯಾಮತಿಯಿಂದ ಸರ್ವಮಂಗಳಮ್ಮ ಎಂಬುವರು, ಕೀಮ್ಯಾನ್ ಅಳುವ ಕಡೆ ತಮಗೂ ಅಳು ಬಂತೆಂದೂ, ಅಷ್ಟು ದೊಡ್ಡ ಕಥೆಯಲ್ಲಿ ಒಂದೇ ಒಂದು ಹೆಂಗಸಿಲ್ಲವಲ್ಲ, ಕೀಮ್ಯಾನ್‌ಗೆ ಅನ್ನ ಬೇಯಿಸಿ ಹಾಕಿದವರು ಯಾರೆಂದೂ ಕೇಳಿದ್ದರು. ಹೊನ್ನಾಳಿಯ ನಿವೃತ್ತ ಮೇಷ್ಟ್ರು ಮಲ್ಲಿಕಾರ್ಜುನಪ್ಪನವರದು ಮಾತ್ರ ಬೇರೆ ಧಾಟಿ. ಕೆಂಪು ಇಂಕಿನಲ್ಲಿ ಬರೆದಿದ್ದರು. 'ಭಾಷೆ ಶುದ್ಧವಾಗಿದೆ. ಹಳಿಯ ವಿವರ ಕಣ್ಣಿಗೆ ಕಟ್ಟುತ್ತದೆ. ಆದರೆ ಕಪ್ಪು ಕೋಟಿನವನು ಹಳಿಯನ್ನು ಏಕೆ ಕಿತ್ತ? ಎರಡು ಸಲ ಓದಿದೆ, ಕಾರಣ ಸಿಗಲಿಲ್ಲ. ಲೇಖಕರು ಅವನನ್ನು ನೋಡಿಯೇ ಇಲ್ಲ ಅನ್ನಿಸುತ್ತದೆ.'

ಹೊಗಳಿಕೆಗೆ ಹಿಗ್ಗಿ, ತೆಗಳಿಕೆಗೆ ಮುಖ ಗಂಟಿಕ್ಕುತ್ತಾ ಓದುತ್ತಿದ್ದ ಶೌಕತ್ ಅಲಿಯವರು ಈ ಸಾಲಿಗೆ ಬಂದು ಕನ್ನಡಕ ತೆಗೆದಿಟ್ಟರು. ಹೆಂಡತಿ ದಿಲ್‌ಶಾದ್ ಬೇಗಂ ಕನ್ನಡ ಓದುವವರಲ್ಲ, ಗಂಡನ ಬಾಯಿಂದ ಕಥೆ ಕೇಳಿದ್ದರು ಅಷ್ಟೆ. ಕೇಳಿದ ದಿನವೇ ಅವರು ತಮ್ಮ ಅಭಿಪ್ರಾಯವನ್ನು ಮನೆಯ ಉರ್ದುವಿನಲ್ಲಿ ಒಂದೇ ಮಾತಿನಲ್ಲಿ ಮುಗಿಸಿದ್ದರು. ಇದರಲ್ಲಿ ಮುಳ್ಳಿನ ವಿಷಯ ಎಲ್ಲಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿದ್ದರು.

ಆ ಮುಳ್ಳಿಗೆ ಈಗ ಮೂವತ್ತೊಂಬತ್ತು ವರ್ಷ. ಆಗ ಶೌಕತ್ ಅಲಿಗೆ ಇಪ್ಪತ್ತೆಂಟು. ಪಕ್ಕದ ನಾಲ್ಕು ಮೈಲಿಗೆ ಜಗಳೂರಿನ ಬಂಗಾರಪ್ಪ ಕೀಮ್ಯಾನ್. ಐದು ವರ್ಷ ದೊಡ್ಡವರು, ನಗುಮುಖದವರು. ಇಬ್ಬರ ಸರಹದ್ದಿನಲ್ಲಿ ಒಂದು ಕಲ್ಲು. ದಿನವೂ ಆ ಕಲ್ಲಿನ ಹತ್ತಿರ ಕೂಡಿ ಇವರ ಚಪಾತಿ ಅವರಿಗೆ, ಅವರ ರೊಟ್ಟಿ ಇವರಿಗೆ ಆಗಿ, ಬೀಡಿ ಸೇದಿ ತಿರುಗುವುದು ರೂಢಿ. ಒಂದು ದಿನ ಶೌಕತ್ ಅಲಿ ಕಲ್ಲಿನ ತನಕ ಹೋಗಲೇ ಇಲ್ಲ. ಎರಡು ಮೈಲಿ ಈಚೆಗೆ ಒಂದು ಮೋರಿಯ ಕೆಳಗೆ ನೆರಳಿಗೆ ಕೂತು ಬಾಡಿಗೆ ಪುಸ್ತಕ ಬಿಚ್ಚಿದ್ದರು. ಸಂಜೆಗೆ ವಾಪಸು ಕೊಡಬೇಕು, ಬೇರೆಯವರು ಕಾದಿದ್ದಾರೆ. ಇನ್ನು ಇಪ್ಪತ್ತು ಪುಟ ಉಳಿದಿದೆ. ಕೊಲೆ ಮಾಡಿದವರು ಯಾರೆಂದು ತಿಳಿಯದೆ ಎದ್ದು ಹೋಗುವುದು ಅವರಿಂದ ಆಗದ ಕೆಲಸ.

ಕಲ್ಲಿನ ಹತ್ತಿರ ಕಾದು ಕಾದು ಬಂಗಾರಪ್ಪನವರೇ ಸುತ್ತಿಗೆ ಬಡಿಯುತ್ತಾ ಮೋರಿಯ ತನಕ ಬಂದರು. ನೋಡಿ ನಕ್ಕರು.

"ಓದಪ್ಪ ಓದು. ಒಂದು ಕಡೆ ಬಡ್ಕಂತಾನೇ ಬಂದೀನಿ. ವಾಪಸ್ ಹೋಗ್ತಾ ಇನ್ನೊಂದು ಕಡೆನೂ ನೋಡ್ಕಂಡು ಹೋಗ್ತೀನಿ. ಯಾರು ಮಾಡಿದ್ದು ಅಂತ ನಾಳೆ ನಂಗೂ ಹೇಳ್ಬೇಕು ಮತ್ತೆ."

ಶೌಕತ್ ಅಲಿ ಪುಸ್ತಕದಿಂದ ತಲೆ ಎತ್ತದೆ ಕೈ ಬೀಸಿದರು. ಬಂಗಾರಪ್ಪನವರಿಗೆ ಆ ಎರಡು ಮೈಲಿಯ ಆಚೆ ತಮ್ಮದೇ ನಾಲ್ಕು ಮೈಲಿ ಬಾಕಿ ಇತ್ತು, ಬಿಸಿಲು ನೆತ್ತಿಗೆ ಬಂದಿತ್ತು. ವಾಪಸು ಹೋಗುತ್ತಾ ಎಲ್ಲ ಕೀಗಳನ್ನೂ ಬಡಿಯಲಿಲ್ಲ, ಅಲ್ಲೊಂದು ಇಲ್ಲೊಂದು ಬಡಿದು ಹೋದರು. ಸಡಿಲವಾದವು ತಿರುವಿನಲ್ಲಿದ್ದವು. ಮೂರು ಗಂಟೆಯ ಗೂಡ್ಸ್ ಗಾಡಿಯ ನಾಲ್ಕು ವ್ಯಾಗನ್ ಪಕ್ಕಕ್ಕೆ ಮಗುಚಿದವು. ಜೀವ ಯಾರದೂ ಹೋಗಲಿಲ್ಲ, ಗಾರ್ಡ್ ಕಾಲು ಮುರಿದುಕೊಂಡ.

ವಿಚಾರಣೆಯಲ್ಲಿ ರೈಲ್ವೆ ಸಾಹೇಬರು ಕೇಳಿದ್ದು, ನಿನ್ನದಲ್ಲದ ಎರಡು ಮೈಲಿಗೆ ನೀನು ಯಾಕೆ ಹೋದೆ ಎಂದು. ಬಂಗಾರಪ್ಪ ನಿಂತ ನಿಲುವಿನಲ್ಲೇ ಹೇಳಿದರು, "ಶೌಕತ್ ಕಾಲಿಗೆ ಮುಳ್ಳು ನಟ್ಟಿತ್ತು ಸಾ. ನಡೆಯಾಕೆ ಆಗ್ತಿರ್ಲಿಲ್ಲ." ಸಾಹೇಬರು ಮಾರನೆಯ ದಿನ ಶೌಕತ್ ಅಲಿಯನ್ನು ಕರೆಸಿದರು. ಆ ಬೆಳಿಗ್ಗೆ ದಿಲ್‌ಶಾದ್ ಬೇಗಂ ತಮ್ಮ ಹಳೆಯ ದುಪಟ್ಟಾ ಹರಿದು, ಗಾಯವಿಲ್ಲದ ಪಾದಕ್ಕೆ ಅರಿಶಿನ ಮೆತ್ತಿ ಪಟ್ಟಿ ಕಟ್ಟಿದ್ದರು. ಮುಳ್ಳು ಹೌದೇನೋ ಎಂದು ಸಾಹೇಬರು ಕೇಳಿದರು. ಹೌದು ಎಂದು ಇವರು ತಲೆ ಆಡಿಸಿದರು. ಮುಳ್ಳು ನಟ್ಟವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ವಹಿಸಿಕೊಂಡ ಹಳಿಯನ್ನು ನೋಡದೆ ಹೋದವನ ಕೆಲಸ ಹೋಯಿತು. ಬಂಗಾರಪ್ಪ ಟ್ರಂಕು ಹೊತ್ತು ಹೆಂಡತಿ ಮಗಳೊಂದಿಗೆ ಜಗಳೂರಿಗೆ ಹೊರಟ ದಿನ ಶೌಕತ್ ಅಲಿ ಡ್ಯೂಟಿಯ ನೆಪ ಹೇಳಿ ಸ್ಟೇಷನ್ನಿಗೆ ಹೋಗಲಿಲ್ಲ. ಆಮೇಲೆ ಹೋಗುವ ಮುಖ ಉಳಿಯಲಿಲ್ಲ. ಬಂಗಾರಪ್ಪ ಮೆಕ್ಕೆಜೋಳದ ಗೋಡೌನ್ ಒಂದರಲ್ಲಿ ಕಾವಲಿಗಿದ್ದಾರೆ ಎಂದು ಯಾರೋ ಒಮ್ಮೆ ಹೇಳಿದ್ದು ಬಿಟ್ಟರೆ ಸುದ್ದಿಯೂ ಇರಲಿಲ್ಲ.

ಆ ಪಾಪ ತೊಳೆಯಲು ಇವರಿಗೆ ಹೊಳೆದ ದಾರಿ ನೋಡಿ. ನಡೆದದ್ದನ್ನು ಬರೆಯುವ ಧೈರ್ಯ ಇರಲಿಲ್ಲ. ಕೀ ತಾನಾಗಿ ಸಡಿಲವಾಗಲೇ ಇಲ್ಲ, ಯಾರೋ ಕಿತ್ತರು ಎಂದು ಬರೆದರೆ ಬಂಗಾರಪ್ಪನೂ ನಿರಪರಾಧಿ, ತಾನೂ ನಿರಪರಾಧಿ. ನಾಲ್ಕನೇ ಪ್ರತಿಯನ್ನು ಜಗಳೂರಿಗೆ ಬಂಗಾರಪ್ಪನ ಹೆಸರಿಗೆ ರಿಜಿಸ್ಟರ್ ಮಾಡಿದರು. ಉಳಿದ ಮೂರು ಊರಿನ ಓದುಗರು ನೆಪಕ್ಕೆ. ಶೌಕತ್ ಅಲಿಯವರಿಗೆ ಬೇಕಾಗಿದ್ದುದು ಆ ಒಬ್ಬರ ಅಭಿಪ್ರಾಯ. ಚೆನ್ನಾಗೈತೆ ಕಣಪ್ಪ ಎಂದು ಬಂಗಾರಪ್ಪ ಒಂದು ಸಾಲು ಬರೆಸಿಬಿಟ್ಟರೆ ಇನ್ನುಳಿದ ನಾಲ್ಕು ದಿನ ನಿದ್ದೆ ಮಾಡಬಹುದು ಎಂಬ ಆಸೆ.

ಎರಡು ತಿಂಗಳ ಮೇಲೆ ಜಗಳೂರಿನ ಪ್ರತಿ ಅಂಚೆಯಲ್ಲಿ ಬಂತು. ರಟ್ಟು ಸಡಿಲವಾಗುವಷ್ಟು ಓದಿಸಿಕೊಂಡಿತ್ತು. ಎರಡು ಹಾಳೆ ಸಾಲದೆ ನೋಟ್‌ಬುಕ್ಕಿನ ಹಾಳೆ ಅಂಟಿಸಿದ್ದರು. 'ಐದಕ್ಕೆ ಐದು', 'ಸಿನಿಮಾ ಮಾಡಬೇಕು' ಎಂದೆಲ್ಲ ಓಣಿಯವರು ಬರೆದಿದ್ದರು. ಕೊನೆಯಲ್ಲಿ ದುಂಡಗಿನ ಅಕ್ಷರದಲ್ಲಿ ಬಂಗಾರಪ್ಪನ ಮಗಳು ಅಂಬಿಕಾ ಬರೆದದ್ದು ಇತ್ತು.

'ಶೌಕತ್ ಮಾವನವರಿಗೆ ನಮಸ್ಕಾರಗಳು. ನಾನು ಇಲ್ಲಿ ಅಂಗನವಾಡಿ ಕಾರ್ಯಕರ್ತೆ. ಚಿಕ್ಕಂದಿನಿಂದ ರೈಲು ಬೀಳಿಸಿದವನ ಮಗಳು ಅನ್ನಿಸಿಕೊಂಡು ಬೆಳೆದವಳು. ಅಪ್ಪನನ್ನು ಕೇಳಿದರೆ ತಪ್ಪು ನಂದೇ ಅನ್ನುತ್ತಿದ್ದರು. ಸಿಟ್ಟಿನಲ್ಲಿ ನಾನೂ ಆಡಬಾರದ ಮಾತು ಆಡಿದ್ದೇನೆ. ನಿಮ್ಮ ಪುಸ್ತಕ ಓದಿದ ಮೇಲೆ ಹಳಿ ಕಿತ್ತವರು ಬೇರೆ ಅಂತ ಗೊತ್ತಾಯಿತು. ಇಡೀ ಓಣಿಗೆ ಓದಿ ಹೇಳಿದೆ. ಅಪ್ಪನ ಕಾಲು ಮುಟ್ಟಿ ತಪ್ಪಾಯಿತು ಅಂದೆ. ನೀವು ಅಲ್ಲೇ ಇದ್ದವರು. ಇದನ್ನೇ ಇಲಾಖೆಗೆ ಒಂದು ಅರ್ಜಿಯಾಗಿ ಬರೆದು ಸಾಕ್ಷಿ ಹಾಕುತ್ತೀರಾ? ನಮಗೆ ಬೇರೇನೂ ಬೇಡ. ಅಪ್ಪ ಇರುವಾಗಲೇ ಅವರ ಹೆಸರು ಸರಿಯಾದರೆ ಸಾಕು.'

ಬಂಗಾರಪ್ಪನವರದು ಒಂದು ಸಾಲೂ ಇರಲಿಲ್ಲ.

ಶೌಕತ್ ಅಲಿಯವರು ಎರಡು ದಿನ ಆ ಹಾಳೆಯನ್ನೇ ತಿರುವಿ ತಿರುವಿ ಓದಿದರು. ಸುಳ್ಳಿಗೆ ಸಾಕ್ಷಿ ಹಾಕಿದರೆ ಇಲಾಖೆಯವರು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ. ಹಾಕದಿದ್ದರೆ ಆ ಹೆಣ್ಣುಮಗಳು ದಿನವೂ ಅಂಚೆಯವನ ದಾರಿ ಕಾಯುತ್ತಾಳೆ. ಮೂರನೆಯ ದಿನ ದಿಲ್‌ಶಾದ್ ಬೇಗಂ ಬುತ್ತಿ ಕಟ್ಟಿ ಕೈಗೆ ಕೊಟ್ಟರು. ಎಲ್ಲಿಗೆ ಎಂದು ಇಬ್ಬರೂ ಆಡಿಕೊಳ್ಳಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಇಳಿಯುವಾಗ ಮಧ್ಯಾಹ್ನ. ಮನೆ ಕೇಳಿದರೆ ಒಂದು ಹುಡುಗಿ, "ರೈಲು ಕಥೆ ತಾತನ ಮನೇನಾ?" ಎಂದು ದಾರಿ ತೋರಿಸಿತು. ಎರಡು ತಿಂಗಳ ಹಿಂದಿನ ತನಕ ಆ ಮನೆಗೆ ಬೇರೆ ಹೆಸರಿದ್ದಿರಬೇಕು. ಬಾಗಿಲಲ್ಲಿ ನಿಂತ ಅವರು ಚೌಕಟ್ಟನ್ನು ತಟ್ಟಲಿಲ್ಲ.

ಬಂಗಾರಪ್ಪ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದರು. ತೆಳ್ಳಗಾಗಿದ್ದರು, ಒಂದು ಕಣ್ಣಿಗೆ ಪೊರೆ. ಆದರೂ ಕಂಡ ಕೂಡಲೇ ಗುರುತು ಹಿಡಿದು, "ಬಾರಪ್ಪ. ದಾರಿ ಈಗ ಗೊತ್ತಾತೇನು?" ಎಂದರು. ಅಂಬಿಕಾ ಸಂಭ್ರಮದಿಂದ ಚಾಪೆ ಹಾಸಿ, ನೀರು ಕೊಟ್ಟು, ಟೀ ಮಾಡಿ ತಂದಳು. ಅರ್ಜಿ ಬರೆಯಲೆಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ತಂದು ಮುಂದಿಟ್ಟಳು. ನಲವತ್ತು ದಾಟಿದ ಹೆಂಗಸು, ಶಾಲೆಯ ಮಗುವಿನ ಹಾಗೆ ಮುಖ ಅರಳಿಸಿಕೊಂಡು ಕೂತಳು. ಆ ಮುಖ ನೋಡಿ ಶೌಕತ್ ಅಲಿಯವರಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು.

"ಅಂಬಿಕಾ, ಹಳಿ ಯಾರೂ ಕಿತ್ತಿಲ್ಲಮ್ಮ," ಎಂದರು.

"ಮತ್ತೆ ಪುಸ್ತಕದಾಗೆ ಕಪ್ಪು ಕೋಟು..."

"ಅವನು ಇಲ್ಲ. ನಾನೇ ಹುಟ್ಟಿಸಿದ್ದು. ಆ ಎರಡು ಮೈಲಿ ನಂದು. ನನ್ನ ಕಾಲಿಗೆ ಮುಳ್ಳೂ ನಟ್ಟಿರ್ಲಿಲ್ಲ. ಕತೆ ಪುಸ್ತಕ ಓದ್ತಾ ಕೂತಿದ್ದೆ. ನನ್ನ ಕೆಲಸ ನಿಮ್ಮಪ್ಪ ಮಾಡಾಕೆ ಹೋಗಿ, ನನ್ನ ಉಳಿಸಾಕೆ ಸುಳ್ಳು ಹೇಳಿದ್ರು. ನಾನು ಬಾಯಿ ಬಿಡ್ಲಿಲ್ಲ. ಬೇಕಾದ್ರೆ ಇದನ್ನ ಬರೆದು ಸಹಿ ಹಾಕ್ತೀನಿ."

ಅಂಬಿಕಾ ತಂದೆಯ ಕಡೆ ತಿರುಗಿ, "ಹೌದೇನಪ್ಪ?" ಎಂದಳು. ಬಂಗಾರಪ್ಪ ಕಂಬಳಿಯ ಅಂಚನ್ನು ಸರಿಮಾಡಿಕೊಂಡರು.

"ಎಲ್ಲಾ ಕೀ ಬಡೀದೆ ಹೋದೋನು ನಾನೇ ಅಲ್ವೇನವ್ವ," ಎಂದರು. "ಪುಸ್ತಕ ಓದಿದ ಮ್ಯಾಲೆ ಎರಡು ತಿಂಗಳು ಓಣಿಯೋರೆಲ್ಲ ನಂಗೆ ಕೈಮುಗಿತಿದ್ರು ಶೌಕತ್. ಸುಳ್ಳು ಅಂತ ಗೊತ್ತಿತ್ತು. ಆದ್ರೂ ಚೆನ್ನಾಗಿತ್ತು. ಅದನ್ನೂ ಇವತ್ತು ತಗಂಡು ಹೊಂಟ್ಯಲ್ಲ."

ಅಂಬಿಕಾ ಬಿಳಿ ಹಾಳೆಯನ್ನು ಎತ್ತಿಕೊಂಡಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ಮೂವತ್ತೊಂಬತ್ತು ವರ್ಷದಾಗೆ ನಿಮಗೆ ಒಂದು ದಿನ ಬಸ್ ಹತ್ತಾಕೆ ಆಗ್ಲಿಲ್ವಾ ಮಾವ? ಎಲ್ಲಾ ಬರೀರಿ. ಓಣಿಗೆ ನಾನೇ ಓದ್ತೀನಿ," ಎಂದು ಹಾಳೆಯನ್ನು ಮತ್ತೆ ಅವರ ಮುಂದೆ ಇಟ್ಟು, ಮುಟ್ಟದೆ ಉಳಿದಿದ್ದ ಟೀ ಲೋಟ ತೆಗೆದುಕೊಂಡು ಒಳಗೆ ಹೋದಳು.

ಶೌಕತ್ ಅಲಿಯವರು ಬರೆದರು. ಮುಳ್ಳು, ಪಟ್ಟಿ, ಮೋರಿ, ಪುಸ್ತಕ, ಏನನ್ನೂ ಬಿಡಲಿಲ್ಲ. ನೂರ ಎಂಬತ್ತು ಪುಟದ ಕಾದಂಬರಿ ಬರೆದ ಕೈಗೆ ಆ ಒಂದು ಹಾಳೆ ತುಂಬಿಸಲು ಒಂದು ಗಂಟೆ ಹಿಡಿಯಿತು. ಬಂಗಾರಪ್ಪ ಪಕ್ಕದಲ್ಲಿ ಕೂತು ಪೆನ್ನಿನ ಸದ್ದು ಕೇಳುತ್ತಿದ್ದರು. ಸಹಿ ಹಾಕಿ ಮುಗಿಸಿದ್ದು ತಿಳಿದ ಮೇಲೆ ಸ್ವಲ್ಪ ಹತ್ತಿರ ಸರಿದರು.

"ಒಂದು ಮಾತು ಕೇಳ್ಬೇಕು ಅಂತ ಅವತ್ತಿಂದ ಐತೆ," ಎಂದರು. "ಮೋರಿ ಕೆಳಗೆ ಓದ್ತಿದ್ಯಲ್ಲ, ಅದರಾಗೆ ಕಡೀಗೆ ಕೊಲೆ ಮಾಡಿದ್ದು ಯಾರು? ನಾಳೆ ಹೇಳ್ಬೇಕು ಅಂತ ನಾನಂದಿದ್ದೆ. ಹೇಳ್ಲೇ ಇಲ್ಲ ನೀನು."

ಶೌಕತ್ ಅಲಿಯವರು ಬಾಯಿ ತೆರೆದರು. ಆ ಇಪ್ಪತ್ತು ಪುಟವನ್ನು ಕೊನೆಯ ಸಾಲಿನವರೆಗೂ ಓದಿ ಮುಗಿಸಿದ್ದರು, ಅದರಲ್ಲಿ ಅನುಮಾನವಿಲ್ಲ. ಪುಸ್ತಕ ಮಡಚಿ, ಓಹೋ ಇವನಾ ಎಂದು ಖುಷಿಪಟ್ಟದ್ದೂ ನೆನಪಿತ್ತು. ಡಾಕ್ಟರೋ, ತಮ್ಮನೋ, ಮನೆಯ ಆಳೋ, ಎಷ್ಟು ತಡಕಿದರೂ ಹೆಸರು ಬರಲಿಲ್ಲ. ಬಂಗಾರಪ್ಪ ಒಳ್ಳೆಯ ಕಣ್ಣನ್ನು ಅವರ ಮುಖದ ಮೇಲೆ ನೆಟ್ಟು ಕಾಯುತ್ತಿದ್ದರು.

"ನೆನಪಿಲ್ಲಣ್ಣ," ಎಂದರು ಶೌಕತ್ ಅಲಿ.